ಅಪ್‌ಡೇಟ್: ಎಂಟನೇ ತಿಂಗಳಲ್ಲಿ ಅಂಗೈ, ಅಂಗಾಲಿನ ತುರಿಕೆ

ಗುಳ್ಳೆ ಏನೂ ಇಲ್ಲ, ಆದರೂ ರಾತ್ರಿ ಅಂಗೈ, ಅಂಗಾಲು ವಿಪರೀತ ತುರಿಸುತ್ತದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ನಾನು ಹಾಸನದವಳು, ಇದು ಎರಡನೇ ಬಸಿರು.

ಕೊಬ್ಬರಿ ಎಣ್ಣೆ, ಬೇವಿನ ಸೊಪ್ಪಿನ ನೀರು ಎರಡೂ ನಡೆಯಲಿಲ್ಲ. ಕ್ಯಾಲಮೈನ್ ಲೋಷನ್ ಹಚ್ಚಿದರೆ ಅರ್ಧ ಗಂಟೆ ತಂಪು, ಅಷ್ಟೇ. "ಮಗುವಿಗೆ ಕೂದಲು ಜಾಸ್ತಿ ಇದ್ದರೆ ಹಾಗೇ" ಅಂದವರಿಗೆ ಸುಮ್ನೆ ನಕ್ಕೆ.

ಕೆಲಸಕ್ಕೆ ಬಂದಿದ್ದು "ಬೈಲ್ ಆಸಿಡ್ ಟೆಸ್ಟ್ ಮಾಡಿಸಿ" ಅಂದ ಅಕ್ಕನ ಮಾತು. ರಕ್ತದಲ್ಲಿ ಪಿತ್ತದ ಆಮ್ಲ ಎಷ್ಟಿದೆ ಅಂತ ನೋಡುವ ಟೆಸ್ಟ್ ಅದು. ಇಲ್ಲಿನ ಲ್ಯಾಬ್‌ನವರು ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಲಿವರ್ ಟೆಸ್ಟ್ ಹೆಚ್ಚುಕಮ್ಮಿ ನಾರ್ಮಲ್, ಬೈಲ್ ಆಸಿಡ್ ಮಾತ್ರ 31! ಊಟ ಮಾಡಿ ಕೊಟ್ಟ ರಕ್ತದಲ್ಲಿ 19 ದಾಟಿದರೆ ಜಾಸ್ತಿ ಅಂತೆ. ಇದಕ್ಕೆ ಕೊಲೆಸ್ಟಾಸಿಸ್ ಅನ್ನುತ್ತಾರೆ. ಪಿತ್ತ ಸರಿಯಾಗಿ ಹರಿಯದೆ ಅದರ ಆಮ್ಲ ರಕ್ತಕ್ಕೆ ಸೇರುತ್ತದೆ. ಮಗುವಿಗೆ ಅಪಾಯ ಮುಖ್ಯವಾಗಿ 100 ದಾಟಿದಾಗ ಹೆಚ್ಚು ಅಂದ ಮೇಲೆ ಜೀವ ಬಂತು.

ಡಾಕ್ಟರ್ ಪಿತ್ತ ಸರಿಯಾಗಿ ಹರಿಯಲಿ ಅಂತ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅನ್ನುವ ಮಾತ್ರೆ ಕೊಟ್ಟರು. ತುರಿಕೆ ಪೂರ್ತಿ ಹೋಗಿಲ್ಲ, ನಿದ್ದೆ ಮಾತ್ರ ಬರುತ್ತಿದೆ. ಮೆಂಥಾಲ್ ಕ್ರೀಮ್ ಕೂಡ ಪರವಾಗಿಲ್ಲ.

ಹೊಟ್ಟೆಯ ಬಿರುಕುಗಳ ಮೇಲೆ ಕೆಂಪು ಗುಳ್ಳೆ ಎದ್ದು ತುರಿಸುವುದು ಬೇರೆಯೇ ಸಮಸ್ಯೆ. ಅದರಿಂದ ಮಗುವಿಗೆ ತೊಂದರೆ ಇಲ್ಲವಂತೆ. ನನ್ನದು ಹೆರಿಗೆ ಆದ ಮೇಲೆ ತಾನಾಗೇ ಹೋಗುತ್ತದೆ, ಆದರೆ ಮುಂದಿನ ಬಸಿರಿನಲ್ಲಿ ಮತ್ತೆ ಬರಬಹುದು. (ಮುಂದಿನದು ಇಲ್ಲ ಅಂತ ನಮ್ಮವರಿಗೆ ಹೇಳಿಯಾಗಿದೆ!)

ಮಗು ಒದೆಯುವುದು ಕಡಿಮೆ ಅನಿಸಿದರೆ ಕಾಯದೆ ಬರಬೇಕು ಅಂದಿದ್ದಾರೆ. ಮುಂದಿನ ವಾರ ಮತ್ತೆ ಟೆಸ್ಟ್, ಹೆರಿಗೆ ಯಾವಾಗ ಅಂತ ಅದನ್ನು ನೋಡಿ ಹೇಳುತ್ತಾರಂತೆ.