ಪದಚರ್ಚೆ: ಸಿಹಿಯಾಗಿರುವ 'ಒಣ' ಸೆಕ್ಟ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಬಾಟಲಿಯ ಚೀಟಿ ಮುಂದಿಟ್ಟುಕೊಂಡು ಕೂತಿದ್ದೇನೆ. ಬಾಟಲಿ ಖಾಲಿಯಾಗಿ ಎರಡು ವಾರವಾಯಿತು, ಪದ ಮಾತ್ರ ಇನ್ನೂ ಸಿಕ್ಕಿಲ್ಲ.

ಚೀಟಿಯಲ್ಲಿ ಇರುವುದು ಇಷ್ಟೇ: ರೈನ್‌ಗೌ, ರೀಸ್ಲಿಂಗ್, ಸೆಕ್ಟ್, ಟ್ರೊಕನ್. ರೈನ್‌ಗೌ ಅನ್ನುವುದು ರೈನ್ ನದಿಯ ದಡದ ದ್ರಾಕ್ಷಿ ಸೀಮೆ, ಜರ್ಮನಿಯಲ್ಲಿ ನಾನಿರುವ ಮೈಂಟ್ಸ್‌ಗೆ ಹತ್ತಿರ. ರೀಸ್ಲಿಂಗ್ ಒಂದು ಬಿಳಿ ದ್ರಾಕ್ಷಿ ತಳಿ, ಸೆಕ್ಟ್ ಅಂದರೆ ಇಲ್ಲಿನ ಗುಳ್ಳೆ ಏಳುವ ವೈನು. ಊರಿಂದ ಬಂದಿದ್ದ ಚಿಕ್ಕಪ್ಪನಿಗೆ ಒಂದು ಲೋಟ ಬಗ್ಗಿಸಿಕೊಟ್ಟು, "ಇದು ಡ್ರೈ, ಸಿಹಿ ಇರಲ್ಲ, ಕುಡೀರಿ" ಎಂದೆ. ಟ್ರೊಕನ್ ಅಂದರೆ ಒಣ. ಅದಕ್ಕೆ ನಿಘಂಟು ಬೇಕಿಲ್ಲ, ಹಗ್ಗದ ಮೇಲಿನ ಬಟ್ಟೆ ಒಣಗಿದರೂ ಇಲ್ಲಿ ಟ್ರೊಕನ್ನೇ. ಚಿಕ್ಕಪ್ಪ ಕಾಫಿಗೂ ಸಕ್ಕರೆ ಹಾಕಿಸಿಕೊಳ್ಳದವರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಸಕ್ಕರೆ ಇದೆಯಲ್ಲೋ ಇದರಲ್ಲಿ!"

ಇತ್ತು. ಸಾದಾ ವೈನಿನ ಮೇಲೆ ಟ್ರೊಕನ್ ಎಂದು ಬರೆಯಬೇಕಾದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ ಇರಬಹುದು. ಗುಳ್ಳೆ ಏಳುವ ಸೆಕ್ಟ್ ಮೇಲೆ ಅದೇ ಪದ ಇದ್ದರೆ 17ರಿಂದ 32 ಗ್ರಾಂ! ಸಿಹಿ ಬೇಡ ಎನ್ನುವವರು 'ಬ್ರೂಟ್' ಕೇಳಬೇಕು, ಅದಕ್ಕೆ 12 ಗ್ರಾಂ ಮಿತಿ. ಅಂಗಡಿಯ ಎರಡು ಬಾಟಲಿಗಳ ಮೇಲೂ ರೀಸ್ಲಿಂಗ್, ಟ್ರೊಕನ್ ಎಂದೇ ಇರುತ್ತದೆ. ಒಂದು ಹುಳಿ, ಇನ್ನೊಂದು ಸಿಹಿ. ಕಾನೂನಿನ ಪ್ರಕಾರ ಎರಡೂ ಸರಿ. 19ನೆಯ ಶತಮಾನದಲ್ಲಿ ಗುಳ್ಳೆವೈನಿಗೆ ಲೀಟರಿಗೆ 100 ಗ್ರಾಂ ಮೀರಿ ಸಕ್ಕರೆ ಸುರಿಯುತ್ತಿದ್ದದ್ದುಂಟು, ರಷ್ಯಾಕ್ಕೆ ಹೋಗುವುದಕ್ಕಂತೂ ಇನ್ನೂ ಜಾಸ್ತಿ. ಅದರ ಮುಂದೆ 20 ಗ್ರಾಂ 'ಒಣ'ವೇ ಅಲ್ವಾ?

ತಮಾಷೆ ಅಂದರೆ, ಸೆಕ್ಟ್ ಎಂಬ ಪದದ ಹೊಟ್ಟೆಯಲ್ಲೂ 'ಒಣ'ವೇ ಕೂತಿದೆ. ಇಟಲಿಯ 'ವಿನೊ ಸೆಕ್ಕೊ', ಅಂದರೆ ಒಣ ವೈನು, ಫ್ರೆಂಚ್ ದಾಟಿ ಜರ್ಮನ್ನಿಗೆ ಬಂದು 'ಸೆಕ್' ಆಯಿತು. ಆಮೇಲೆ ಅದಕ್ಕೊಂದು 'ಟ್' ಬಾಲ ಅಂಟಿತು. ಆದರೆ ಆ ವೈನನ್ನು ಮಾಡುತ್ತಿದ್ದದ್ದು ಒಣಗಿದ ದ್ರಾಕ್ಷಿಯಿಂದ, ಹಾಗಾಗಿ ಸಿಹಿಯೋ ಸಿಹಿ. ಒಣಗಿದ್ದು ಹಣ್ಣು, ರುಚಿಯಲ್ಲ. ಆಗ ಅದರಲ್ಲಿ ಗುಳ್ಳೆಯೂ ಇರಲಿಲ್ಲ. ಗುಳ್ಳೆ ಬಂದದ್ದು ರಂಗಭೂಮಿಯಿಂದ ಅನ್ನುತ್ತಾರೆ. ಶೇಕ್ಸ್‌ಪಿಯರನ ನಾಟಕದ ಪಾತ್ರ ಫಾಲ್‌ಸ್ಟಾಫ್ ಕುಡಿಯುವ 'ಸ್ಯಾಕ್' ಎಂಬ ವೈನು ಜರ್ಮನ್ ಅನುವಾದದಲ್ಲಿ 'ಸೆಕ್ಟ್'. 1825ರ ಸುಮಾರಿಗೆ ನಟ ಲುಡ್‌ವಿಗ್ ಡೆವ್ರಿಯೆಂಟ್ ಬರ್ಲಿನ್ನಿನ ತನ್ನ ಮಾಮೂಲಿ ವೈನ್ ಅಂಗಡಿಗೆ ಹೋಗಿ, ಫಾಲ್‌ಸ್ಟಾಫನ ಧಾಟಿಯಲ್ಲೇ "ಸೆಕ್ಟ್ ತಾರೋ" ಎಂದು ಗದರಿಸಿದನಂತೆ. ಮಾಣಿ ಅವನು ದಿನಾ ಕುಡಿಯುತ್ತಿದ್ದ ಷಾಂಪೇನನ್ನೇ ತಂದಿಟ್ಟ. ಹೆಸರು ಅಲ್ಲಿಂದ ಹಬ್ಬಿತು ಎನ್ನುವುದು ಕಥೆ.

ಷಾಂಪೇನ್ ಎಂದೇ ಬರೆದುಬಿಡಿ ಎನ್ನಬೇಡಿ, ಅದು ಫ್ರಾನ್ಸಿನ ಒಂದು ಸೀಮೆಯ ಹೆಸರು. 1919ರ ವರ್ಸೈ ಒಪ್ಪಂದದ ನಂತರ ಜರ್ಮನ್ನರು ತಮ್ಮ ವೈನಿಗೆ ಆ ಹೆಸರು ಇಡುವಂತಿಲ್ಲ, ನಾವ್ಯಾಕೆ ಇಡೋಣ? ದ್ರಾಕ್ಷಾರಸವೂ ಆಗದು. ಬೈಬಲ್ಲಿನ ಕನ್ನಡದಲ್ಲಿ ಅದು ವೈನು, ಜ್ಯೂಸ್ ಅಂಗಡಿಯಲ್ಲಿ ಬರೀ ಹಣ್ಣಿನ ರಸ. ಜರ್ಮನ್ನಿನ ಇನ್ನೊಂದು ಪದ 'ಷೌಮ್‌ವೈನ್', ನೇರವಾಗಿ ನೊರೆವೈನು. ಕೇಳಲು ಚೆನ್ನಾಗಿದೆ. ಆದರೆ ನೊರೆ ಅಂದರೆ ನನ್ನ ಕಣ್ಣಿಗೆ ಬರುವುದು ಹಾಲು ಕರೆದ ಚೊಂಬು. ಇಲ್ಲಿ ನೊರೆ ಕ್ಷಣದಲ್ಲಿ ಅಡಗಿ, ಲೋಟದ ತಳದಿಂದ ಗುಳ್ಳೆಗಳು ದಾರದ ಹಾಗೆ ಏಳುತ್ತಲೇ ಇರುತ್ತವೆ. ಆದ್ದರಿಂದ ಬಗೆಗೆ 'ಗುಳ್ಳೆವೈನು', ಹೆಸರಿಗೆ ಸೆಕ್ಟ್. ಉತ್ತರದವರು ಅದರ ಮೊದಲಕ್ಷರವನ್ನು ಜ಼ ಎಂದು ಗುಂಯ್‌ಗುಡಿಸುತ್ತಾರೆ, ದಕ್ಷಿಣದವರು ನಮ್ಮ ಸ ಥರವೇ ಅನ್ನುತ್ತಾರೆ. ನಮಗೆ ಸ ಸಾಕು. ರೀಸ್ಲಿಂಗನ್ನು ಮಾತ್ರ ದಯವಿಟ್ಟು ರೈಸ್ಲಿಂಗ್ ಮಾಡಬೇಡಿ.

ಉಳಿದದ್ದು ಟ್ರೊಕನ್. 'ಒಣ ಸೆಕ್ಟ್' ಎಂದರೆ ಒಣಮೆಣಸಿನಕಾಯಿ, ಒಣದ್ರಾಕ್ಷಿಯ ಸಾಲಿಗೆ ಸೇರುತ್ತದೆ. 'ಸಪ್ಪೆ' ಎಂದರೆ ಬೈದ ಹಾಗೆ. 'ಒಗರು' ಬೇರೆಯೇ ರುಚಿ, ಅದು ಕೆಂಪು ವೈನಿನದು, ಹಸಿ ಅಡಿಕೆಯದು. ನನ್ನ ಒಲವು 'ನಸುಸಿಹಿ' ಕಡೆಗೆ. ನಸುಗೆಂಪು, ನಸುನಗು ಇದ್ದ ಹಾಗೆ. ನಾಲಿಗೆಗೆ ಇದು ನಿಜ. ಆದರೆ ಚೀಟಿಯಲ್ಲಿ ಒಣ ಎಂದು ಬರೆದು ಸಿಹಿ ಕುಡಿಸುವ ಆ ತುಂಟತನ ಅನುವಾದದಲ್ಲಿ ಕೈಬಿಟ್ಟುಹೋಗುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇನ್ನೊಂದು ಪದವೂ ಬೇಕು. ನಾವು ಕುಡಿದದ್ದು ಬೆಳೆಗಾರರೇ ಮಾಡಿದ 'ವಿನ್‌ಟ್ಸರ್‌ಸೆಕ್ಟ್'. ಇದರಲ್ಲಿ ವೈನು ಬಾಟಲಿಯಲ್ಲೇ ಎರಡನೇ ಸಲ ಹುದುಗುತ್ತದೆ, ಸತ್ತ ಯೀಸ್ಟಿನ ಮೇಲೆ ಕನಿಷ್ಠ 9 ತಿಂಗಳು ಮಲಗಿರುತ್ತದೆ. ಆಮೇಲೆ ಬಾಟಲಿಯನ್ನು ದಿನಾ ಒಂದಿಷ್ಟು ತಿರುಗಿಸುತ್ತಾ ತಲೆಕೆಳಗು ಮಾಡಿ, ತಳದ ಕೆಸರನ್ನೆಲ್ಲ ಕತ್ತಿಗೆ ಇಳಿಸುತ್ತಾರೆ. ಕತ್ತನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಆ ಉಂಡೆ ಒತ್ತಡಕ್ಕೆ ಹಾರಿಹೋಗುತ್ತದೆ. ಖಾಲಿಯಾದ ಜಾಗಕ್ಕೆ ಸಕ್ಕರೆ ಬೆರೆಸಿದ ವೈನು ತುಂಬುತ್ತಾರೆ. ರೀಸ್ಲಿಂಗ್ ಮೊದಲೇ ಹುಳಿ ಜಾಸ್ತಿಯ ದ್ರಾಕ್ಷಿ, ಸ್ವಲ್ಪ ಸಿಹಿ ಸೇರಿದರೆ ಹದಕ್ಕೆ ಬರುತ್ತದೆ. ಚಿಕ್ಕಪ್ಪನ ನಾಲಿಗೆಗೆ ಸಿಕ್ಕಿದ್ದು ಅದೇ ಸಕ್ಕರೆ.

ಆ ಕೆಸರಿಗೆ ಏನನ್ನಲಿ? ನಮ್ಮ ಮನೆಯಲ್ಲಿ ತುಪ್ಪ ಕಾಯಿಸಿದ ಮೇಲೆ ಉಳಿಯುವುದು ಗಸಿ, ಕಾಫಿ ಫಿಲ್ಟರಿನಲ್ಲಿ ಉಳಿಯುವುದು ಗಷ್ಟು, ಎಣ್ಣೆಯದು ಮಡ್ಡಿ. ಹುದುಗಿದ ಪಾನೀಯದ ತಳಕ್ಕೆ ಯಾವುದು ಒಪ್ಪುತ್ತದೆ? ಕಳ್ಳು ಇಳಿಸುವ ಊರಿನವರು ಯಾರಾದರೂ ಇದ್ದರೆ ಹೇಳಿ, ಗಡಿಗೆಯ ತಳದಲ್ಲಿ ಕೂರುವ ಆ ಬಿಳಿ ಕೆಸರಿಗೆ ನಿಮ್ಮ ಕಡೆ ಏನನ್ನುತ್ತಾರೆ?