ಅಪ್‌ಡೇಟ್: ಅರ್ಧಕ್ಕೆ ನಿಂತಿದ್ದ ನನ್ನ ಕ್ರೈಮ್ ಕಾದಂಬರಿ ಮತ್ತೆ ಹೊರಟಿದೆ

ಕಾಣೆಯಾದ ಹುಡುಗನನ್ನು ಹುಡುಕುವ ಹೊಸ ಮಹಿಳಾ ಎಸ್‌ಐ ಕಥೆ ನಡುವೆ ನಿಂತುಹೋಗಿದೆ, ಸುಳಿವೆಲ್ಲ ಅವಳಿಗೆ ಅದೃಷ್ಟದಿಂದಲೇ ಸಿಗುತ್ತಿದೆ, ಏನು ಮಾಡಲಿ ಅಂತ ಹಿಂದೆ ಕೇಳಿದ್ದೆ, ಅದರ ಮುಂದಿನ ಸುದ್ದಿ ಇದು.

ಇನ್ನೊಂದು ಮಗುವನ್ನೂ ಕಾಣೆ ಮಾಡಿಸಿ ಅಂದಿದ್ದರು ಕೆಲವರು. ಮಾಡಿದೆ. ಗದ್ದಲ ಜಾಸ್ತಿ ಆಯಿತು, ಮೊದಲನೇ ಮಗು ಮರೆತೇ ಹೋಯಿತು. ನಾಯಕಿಗೆ ಬಾಲ್ಯದ ನೋವು ಕೊಡಿ ಅನ್ನೋದೂ ಕೂಡಿಬರಲಿಲ್ಲ, ಅವಳು ಅತ್ತು ಮುಗಿಸುವವರೆಗೆ ತನಿಖೆ ಸುಮ್ನೆ ಕಾಯಬೇಕಾಯಿತು!

ಕೈಹಿಡಿದಿದ್ದು, ಆ ದಿನ ನಿಜವಾಗಿ ನಡೆದದ್ದನ್ನು ಗಂಟೆಗಂಟೆಗೂ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ ಅಂದವರ ಸಲಹೆ. ಜೊತೆಗೆ, ಹುಡುಕಾಟ ಮಗುವಿನ ಮನೆಯಿಂದಲೇ ಶುರುವಾಗಲಿ ಅಂತಲೂ ಹೇಳಿದ್ದರು. ಹಾಗೆ ಬರೆಯುತ್ತಾ ಹೋದಾಗ ಬಾಗಿಲ ಹಿಂದೆ ಹುಡುಗನ ಸ್ಕೂಲ್ ಶೂ ಸಿಕ್ಕಿತು. ಲೇಸಿಗೆ ಎರಡು ಗಂಟು ಬಿಗಿಯಾಗಿ ಬಿದ್ದಿದೆ, ಆದರೆ ಹುಡುಗನಿಗೆ ಗಂಟು ಹಾಕೋಕೆ ಬರಲ್ಲ, ಅಮ್ಮ ಯಾವಾಗಲೂ ಹಾಕೋದು ಹೂಗಂಟು. ಈಗ ಸುಳಿವು ಅದೃಷ್ಟದಿಂದ ಸಿಗಲ್ಲ, ಎಸ್‌ಐ ತಾನೇ ನೋಡಿ, ತಾನೇ ಕೇಳುತ್ತಾಳೆ.

ಗೊತ್ತಿಲ್ಲದ ವಿಷಯವೊಂದೂ ತಿಳಿಯಿತು. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಹಾಗಾಗಿ "ಇಪ್ಪತ್ನಾಲ್ಕು ಗಂಟೆ ಕಾಯಿರಿ, ಆಮೇಲೆ ನೋಡೋಣ" ಅನ್ನುವ ಇನ್‌ಸ್ಪೆಕ್ಟರ್ ಈಗ ನಿಯಮ ಮುರಿಯುತ್ತಿದ್ದಾನೆ, ಅವಳಿಗೂ ಅವನಿಗೂ ಅಲ್ಲೇ ಜಟಾಪಟಿ. ಮೂರನೇ ಅಧ್ಯಾಯ ಪೂರ್ತಿ ಅದೇ. ಕೊನೆ ಇನ್ನೂ ಬರೆದಿಲ್ಲ, ಆದರೆ ಗಂಟು ಹಾಕಿದ್ದು ಯಾರು ಅಂತ ನನಗೆ ಗೊತ್ತು.