ಹಳೆಯ ಮುದ್ರಣವೋ, ಹೊಸ ಬಣ್ಣದ ತಟ್ಟೆಯೋ? ಅನುಭವ ಇದ್ದವರು ಹೇಳಿ

ಹೊಸಬ33: ಒಂದು ಹಳೆಯ ಟಿವಿ ಧಾರಾವಾಹಿಯ ಹಿನ್ನೆಲೆ ಸಂಗೀತದ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೊಳ್ಳಬೇಕೆಂದಿದ್ದೇನೆ. ಧಾರಾವಾಹಿ ಬಂದ ಕಾಲದ ಮೊದಲ ಮುದ್ರಣ ಒಬ್ಬರ ಬಳಿ ಇದೆ. ಒಂದೇ ತಟ್ಟೆ, ಬಳಸಿದ್ದು. ಅದನ್ನೇ ಈಗ ತಿಳಿಗೆಂಪು ಬಣ್ಣದ ಎರಡು ತಟ್ಟೆಗಳಲ್ಲಿ ಮರುಮುದ್ರಿಸುತ್ತಿದ್ದಾರೆ. ಮುಂಗಡ ಬುಕಿಂಗ್ ಶುಕ್ರವಾರ ಮುಗಿಯುತ್ತದೆ. ಬೆಲೆ ಹೆಚ್ಚುಕಡಿಮೆ ಒಂದೇ. ಮಾರುವ ಉದ್ದೇಶ ನನಗಿಲ್ಲ. ರಾತ್ರಿ ದೀಪ ಆರಿಸಿ ಕೇಳುವವನು. ಯಾವುದನ್ನು ಕೊಳ್ಳಲಿ?

ಹಳೆಮುಳ್ಳು: ಮೊದಲ ಮುದ್ರಣ. ಚರ್ಚೆಯೇ ಬೇಡ.

ಆದರೆ ಮೊದಲ ಮುದ್ರಣ ಎಂದರೇನು ಎಂಬುದನ್ನು ಕಲಿಯಲು ನಾನು ತೆತ್ತ ದಂಡವನ್ನೂ ಕೇಳಿ. ‘ಬ್ಲೇಡ್ ರನ್ನರ್’ ಚಿತ್ರದ ಸಂಗೀತಕ್ಕಾಗಿ ನಾಲ್ಕು ವರ್ಷ ಹುಡುಕಿದೆ. ಕೊನೆಗೆ 1982ರ ಎಲ್‌ಪಿಯೇ ಸಿಕ್ಕಿತು. ಮಾರುವವನು ತಟ್ಟೆ ಇಡುವ ರಟ್ಟಿನ ಕವರಿನ ನಾಲ್ಕೂ ಮೂಲೆಗಳ ಫೋಟೋ ಕಳುಹಿಸಿದ. ನಾನು ನೋಡಿದ್ದೂ ಮೂಲೆಗಳನ್ನೇ. ಅಂಚೆಗೆ ತಟ್ಟೆಯ ಬೆಲೆಯ ಮುಕ್ಕಾಲು ಪಾಲು, ಅದರ ಮೇಲೆ ಸುಂಕ, ಸುಂಕದ ಮೇಲೆ ಬಿಡಿಸಿಕೊಡುವವರ ಶುಲ್ಕ. ಲೆಕ್ಕ ಹಾಕಿದರೆ ಒಂದು ತಟ್ಟೆಗೆ ಎರಡು ತಟ್ಟೆಯ ಹಣ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಮುಳ್ಳು ಇಟ್ಟೆ. ಚಿತ್ರಕ್ಕೆ ಸಂಗೀತ ಕೊಟ್ಟ ವ್ಯಾಂಜೆಲಿಸನ ಸಿಂಥಸೈಸರ್ ಬರಬೇಕಾದ ಕಡೆ ಪಿಟೀಲುಗಳ ದಂಡು! ತಪ್ಪು ತಟ್ಟೆ ಹಾಕಿದ್ದೇನೆಂದು ಎದ್ದು ಹೋಗಿ ನೋಡಿದೆ. ಅದೇ ತಟ್ಟೆ. ರಟ್ಟಿನ ಮೇಲೆ ‘ನ್ಯೂ ಅಮೆರಿಕನ್ ಆರ್ಕೆಸ್ಟ್ರಾ’ ಎಂದು ಸ್ಪಷ್ಟವಾಗಿಯೇ ಇತ್ತು. ವ್ಯಾಂಜೆಲಿಸನ ಆಲ್ಬಮ್ ಅಧಿಕೃತವಾಗಿ ಬಂದದ್ದು 1994ರಲ್ಲಿ, ಚಿತ್ರ ಬಂದು ಹನ್ನೆರಡು ವರ್ಷಕ್ಕೆ. ಇದು ಅದೊಂದರ ಕಥೆಯಲ್ಲ. 1975ರ ‘ಜಾಸ್’ ಎಲ್‌ಪಿ ಕೂಡ ಆಲ್ಬಮ್ಮಿಗೆಂದೇ ಮತ್ತೆ ನುಡಿಸಿದ್ದು, ಚಿತ್ರದಲ್ಲಿ ಕೇಳಿದ್ದಲ್ಲ.

ಆ ತಟ್ಟೆಯನ್ನು ನಾನು ಇನ್ನೂ ಮಾರಿಲ್ಲ. ಮಾರಿದರೆ ಅವನೆದುರು ಸೋತಂತೆ.

ಬಣ್ಣದಬುಗುರಿ: ಚರ್ಚೆಯೇ ಬೇಡವಂತೆ, ಆಮೇಲೆ ತಾನೇ ಮೋಸಹೋದ ಪುರಾಣ! ಮರುಮುದ್ರಣವಾಗಿದ್ದರೆ ಹಾಡುಪಟ್ಟಿ ನೋಡಿ ಕೊಳ್ಳುತ್ತಿದ್ದಿರಿ, ಇಷ್ಟು ಅಳಬೇಕಾಗಿರಲಿಲ್ಲ.

ನನ್ನ ಬಳಿ ಬಣ್ಣದವು ಅರುವತ್ತಮೂರು ಇವೆ. ಬಣ್ಣದ ತಟ್ಟೆ ಬೇಡದ ಸದ್ದು ಮಾಡುತ್ತದೆ ಎನ್ನುವವರಲ್ಲಿ ಅರ್ಧ ಜನ ಒಂದನ್ನೂ ಕೇಳಿರುವುದಿಲ್ಲ. ಪಿಕ್ಚರ್ ಡಿಸ್ಕ್ ಬೇರೆ ಮಾತು. ಅದು ಚಿತ್ರದ ಮೇಲೆ ಅಂಟಿಸಿದ ತೆಳುಪದರದಲ್ಲಿ ಕೊರೆದದ್ದು, ಹುರಿದಂತೆ ಚಟಗುಟ್ಟುತ್ತದೆ, ಗೋಡೆಗೆ ತೂಗುಹಾಕಲು ಸರಿ.

ನನಗೆ ಪೆಟ್ಟು ಬಿದ್ದದ್ದು ಬಣ್ಣದಿಂದಲ್ಲ, ಕಾಯುವುದರಿಂದ. ಒಂದು ಧಾರಾವಾಹಿಯ ನಾಲ್ಕು ತಟ್ಟೆಗಳ ಪೆಟ್ಟಿಗೆಗೆ ಪೂರ್ತಿ ಹಣ ಕಟ್ಟಿದೆ. ಮೂರು ತಿಂಗಳು ಎಂದಿದ್ದರು, ಹದಿನಾಲ್ಕಾಯಿತು. ಮೊದಲು 2020ರ ಫೆಬ್ರವರಿಯ ಬೆಂಕಿಯ ಕಾರಣ ಹೇಳಿದರು. ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಸುಟ್ಟುಹೋದಾಗ ಲ್ಯಾಕರ್ ತಟ್ಟೆ (ಅಚ್ಚಿಗಾಗಿ ಮೊದಲು ಕೊರೆಯುವ ಮೂಲ ತಟ್ಟೆ) ಮಾಡುವ ದೊಡ್ಡ ಕಾರ್ಖಾನೆ ಜಗತ್ತಿನಲ್ಲಿ ಜಪಾನಿನದೊಂದೇ ಉಳಿದಿತ್ತು, ಒಪ್ಪಿದೆ. ಆಮೇಲೆ ರಟ್ಟಿನ ಕೊರತೆ ಎಂದರು. ಆಮೇಲೆ ಉತ್ತರವೇ ನಿಂತಿತು. ಬಂದಾಗ ನೋಡಿದರೆ ತಟ್ಟೆಗಳನ್ನು ರಟ್ಟಿನೊಳಗೇ ಇಟ್ಟು ಕಳುಹಿಸಿದ್ದರು. ದಾರಿಯಲ್ಲಿ ಕುಲುಕಿ ಮೂರು ಕವರುಗಳ ಅಂಚು ಸೀಳಿತ್ತು. ನಾಲ್ಕನೆಯ ತಟ್ಟೆಯ ನಡುರಂಧ್ರ ನಡುವಿನಲ್ಲಿರಲಿಲ್ಲ.

ನಡು ತಪ್ಪಿದ ತಟ್ಟೆಯನ್ನು ಕೇಳಿದವರಿಗೇ ಗೊತ್ತು. ಟೋನ್‌ಆರ್ಮ್ (ಮುಳ್ಳು ಹಿಡಿದ ತೋಳು) ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಪಿಯಾನೊ ಒಂದು ಸ್ವರ ಹಿಡಿದು ನಿಂತರೆ ಅದು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಪ್ರತಿ 1.8 ಸೆಕೆಂಡಿಗೊಮ್ಮೆ, ತಟ್ಟೆಯ ಒಂದೊಂದು ಸುತ್ತಿಗೆ. ಒಳಗೆ ಹೋದಷ್ಟೂ ಹೆಚ್ಚು. ಬದಲಿ ತರಿಸಿದೆ. ಬದಲಿಯೂ ಹಾಗೆಯೇ ಇತ್ತು. ಮೂರನೆಯದನ್ನು ಕೇಳುವ ತಾಳ್ಮೆ ಇರಲಿಲ್ಲ. ಪೆನ್ಸಿಲಿಗೆ ಉಪ್ಪುಕಾಗದ ಸುತ್ತಿ ರಂಧ್ರವನ್ನು ಒಂದು ಕಡೆಗೆ ಉಜ್ಜಿ ಹಿಗ್ಗಿಸಿದೆ. ಟೋನ್‌ಆರ್ಮ್ ಅಲುಗದೆ ನಿಲ್ಲುವವರೆಗೆ ತಟ್ಟೆಯನ್ನು ಬೆರಳಿನಿಂದ ಸರಿಸಿ ಕೂರಿಸುತ್ತೇನೆ. ಈಗ ಚೆನ್ನಾಗಿದೆ.

ಹಳೆಮುಳ್ಳು: ಏನು ಮಾಡಿದಿರಿ? ತಟ್ಟೆಗೆ ಉಪ್ಪುಕಾಗದ? ತಟ್ಟೆಗೆ? ಇಂಥವರಿಂದ ಸಲಹೆ ಪಡೆಯುವ ಗತಿ ಹೊಸಬರಿಗೆ ಬಂತಲ್ಲ. ಉಜ್ಜಿದ ಪುಡಿ ಎಲ್ಲಿಗೆ ಹೋಯಿತು ಎಂದು ಒಮ್ಮೆ ಯೋಚಿಸಿದಿರಾ?

ಬಣ್ಣದಬುಗುರಿ: ಕಸದ ಬುಟ್ಟಿಗೆ ಹೋಯಿತು. ಗ್ರೂವಿನ (ಮುಳ್ಳು ಓಡುವ ಗೀರಿನ) ಮೇಲೆ ವೃತ್ತಾಕಾರದ ಕಾಗದ ಅಂಟಿಸಿಕೊಂಡೇ ಉಜ್ಜಿದ್ದು. ನಾನು ನನ್ನ ತಟ್ಟೆಯನ್ನು ಕೇಳುತ್ತೇನೆ, ನೀವು ನಿಮ್ಮದರ ಮೂಲೆಗಳನ್ನು ನೋಡುತ್ತೀರಿ.

ಒಳಸುತ್ತು: ಇಬ್ಬರೂ ಬಿಟ್ಟ ವಿಷಯ ಒಂದಿದೆ. ಹಿನ್ನೆಲೆ ಸಂಗೀತ ತಟ್ಟೆಗೆ ಹೇಳಿ ಮಾಡಿಸಿದ್ದಲ್ಲ. ಪಾಪ್ ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ಜೋರಿನಲ್ಲಿರುತ್ತದೆ, ಧೂಳಿನ ಸದ್ದು ಅದರಡಿ ಮುಚ್ಚಿಹೋಗುತ್ತದೆ. ಇಲ್ಲಿ ಹಾಗಲ್ಲ. ಎರಡು ನಿಮಿಷ ಒಂದೇ ಚೆಲ್ಲೊ, ಉಸಿರಿನಷ್ಟು ಮೆಲ್ಲಗೆ, ಆಗ ಬೀಳುವ ಒಂದು ‘ಟಕ್’ ಕಪಾಳಕ್ಕೆ ಹೊಡೆದಂತೆ. ಇನ್ನೊಂದು, ಕಥೆಯ ಅಬ್ಬರವೆಲ್ಲ ಕೊನೆಯಲ್ಲಿ, ಬದಿಯ ಕೊನೆಯೆಂದರೆ ತಟ್ಟೆಯ ಒಳಸುತ್ತು. ಹೊರಸುತ್ತಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಹಾಯುತ್ತದೆ, ಒಳಗೆ ಸುಮಾರು 21. ಅದೇ ತುತ್ತೂರಿ, ಅರ್ಧಕ್ಕಿಂತ ಕಡಿಮೆ ಜಾಗ. ಸೀಳದೆ ಏನಾಗುತ್ತದೆ?

ನಾನು ಇದಕ್ಕಾಗಿ ಮೂರು ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ಬಳಸಿ ನೋಡಿದೆ. ಮೊದಲನೆಯದು ಪ್ಲೇಯರಿನ ಜೊತೆ ಬಂದದ್ದು. ಎರಡನೆಯದರ ಬೆಲೆ ಪ್ಲೇಯರಿನ ಅರ್ಧ. ಮೂರನೆಯದು ಪ್ಲೇಯರಿಗಿಂತ ಹೆಚ್ಚು, ಅದನ್ನು ಕೂರಿಸುವಾಗ ಸೂಜಿಯಷ್ಟು ಸಣ್ಣ ತಿರುಪು ಕೈತಪ್ಪಿ ನೆಲಹಾಸಿನಲ್ಲಿ ಬಿತ್ತು, ಅಯಸ್ಕಾಂತದಿಂದ ಹುಡುಕಿದೆ, ಸಿಗಲಿಲ್ಲ, ಏಕೆಂದರೆ ಅದು ಅಲ್ಯೂಮಿನಿಯಮ್ಮಿನದು. ಹನ್ನೊಂದು ದಿನ ತಿರುಪಿಗಾಗಿ ಕಾದೆ. ಇಷ್ಟೆಲ್ಲ ಆದ ಮೇಲೆ ಗೊತ್ತಾಗಿದ್ದು, ಮುಳ್ಳಿನ ಭಾರವನ್ನು 1.8 ಗ್ರಾಮ್‌ಗೆ ಸರಿಯಾಗಿ ಇಟ್ಟಿದ್ದರೆ ಎರಡನೆಯದರಲ್ಲೇ ಮುಗಿಯುತ್ತಿತ್ತು.

180 ಗ್ರಾಮ್ ತೂಕದ ತಟ್ಟೆ ಎಂದು ಬೀಗುವವರಿಗೆ: ತೂಕ ಕೈಗೆ ಗೊತ್ತಾಗುತ್ತದೆ, ಕಿವಿಗಲ್ಲ. ಒಂದು ಬದಿಗೆ ಎಷ್ಟು ನಿಮಿಷ ತುಂಬಿದ್ದಾರೆ ಎಂಬುದನ್ನು ನೋಡಿ. ಇಪ್ಪತ್ತೆರಡು ದಾಟಿತೆಂದರೆ ಧ್ವನಿಯನ್ನು ತಗ್ಗಿಸಿ ಕೊರೆದಿರುತ್ತಾರೆ.

ಹೊಸಬ33: ಹಾಗಾದರೆ ಎರಡು ತಟ್ಟೆಗಳಿಗೆ ಹರಡಿರುವ ಮರುಮುದ್ರಣವೇ ಒಳ್ಳೆಯದಲ್ಲವೇ?

ಬಿಬದಿ: ಎರಡು ತಟ್ಟೆ ಎಂದ ಕೂಡಲೇ ನೆನಪಾಯಿತು. 1977ರ ‘ಸ್ಟಾರ್ ವಾರ್ಸ್’ ಜೋಡಿ ಎಲ್‌ಪಿ ಕೊಂಡಾಗ ಒಂದನೆಯ ಬದಿಯ ಹಿಂದೆ ನಾಲ್ಕನೆಯದು ಇತ್ತು. ತಪ್ಪಾಗಿ ಅಚ್ಚಾಗಿದೆಯೆಂದು ಹಿಂದಿರುಗಿಸಿದೆ. ಅಂಗಡಿಯವರು ನಗದೆ ಹಣ ಕೊಟ್ಟರು. ಎರಡು ವರ್ಷದ ಮೇಲೆ ತಿಳಿಯಿತು, ತಟ್ಟೆಗಳನ್ನು ಒಂದರ ಮೇಲೊಂದು ತಾನಾಗಿ ಬೀಳಿಸುವ ಪ್ಲೇಯರುಗಳಿಗಾಗಿ ಬದಿಗಳನ್ನು ಹಾಗೆ ಜೋಡಿಸುತ್ತಿದ್ದರಂತೆ. ಅದೇ ಪ್ರತಿ ಈಗ ಅದೇ ಅಂಗಡಿಯ ಗೋಡೆಯ ಮೇಲಿದೆ. ನಾನು ಕೊಟ್ಟದ್ದರ ಮೂರರಷ್ಟು ಕೇಳುತ್ತಿದ್ದಾರೆ.

ಮೂಕಪ್ರೇಕ್ಷಕ: ಇಷ್ಟು ಗೋಳಾಟ ಏಕೆ? ಹೊಸ ತಟ್ಟೆಗಳಲ್ಲಿ ಹೆಚ್ಚಿನವನ್ನು ಡಿಜಿಟಲ್ ಕಡತದಿಂದಲೇ ಕೊರೆದಿರುತ್ತಾರೆ. ಆ ಕಡತವನ್ನೇ ಮೊಬೈಲಿನಲ್ಲಿ ಕೇಳಿ. ನಾನು ಇನ್ನೂರ ಹತ್ತು ತಟ್ಟೆಗಳನ್ನು ಮಾರಿ ಹಗುರವಾದೆ.

ಒಳಸುತ್ತು: ಮಾರಿ ಹಗುರವಾದವರು ತಟ್ಟೆಯ ಚರ್ಚೆಯಲ್ಲಿ ಏನು ಮಾಡುತ್ತಿದ್ದೀರಿ, ಸ್ವಾಮಿ?

ಮೂಕಪ್ರೇಕ್ಷಕ: ನೋಡುತ್ತಿದ್ದೇನೆ. ಮಾರಿದ್ದಕ್ಕೂ ಕಾರಣವಿತ್ತು. ಸುಂದರವಾಗಿ ಕಾಣಲೆಂದು ನಲವತ್ತು ತಟ್ಟೆಗಳನ್ನು ಮೆದು ಪಿವಿಸಿ ಕವರುಗಳಲ್ಲಿ ಹಾಕಿಟ್ಟಿದ್ದೆ. ಎರಡು ಬೇಸಿಗೆ ಕಳೆದು ತೆಗೆದರೆ ತಟ್ಟೆಗಳ ಮೇಲೆ ಮಂಜು ಕವಿದಂತೆ ಬಿಳಿಯ ಪೊರೆ. ಆ ಪ್ಲಾಸ್ಟಿಕ್ ಬೆವರುತ್ತದೆ, ಅದರ ರಸ ತಟ್ಟೆಯೊಳಗೆ ಇಳಿಯುತ್ತದೆ. ತೊಳೆದೆ, ಮತ್ತೆ ತೊಳೆದೆ. ಪ್ರತಿ ತಟ್ಟೆಗೆ ಎಂಟು ನಿಮಿಷ, ಮೂರು ಭಾನುವಾರ. ಹೋಗಲಿಲ್ಲ. ಎಲ್ಲಕ್ಕಿಂತ ಇಷ್ಟವಾಗಿದ್ದ ಒಂದು ಪತ್ತೇದಾರಿ ಧಾರಾವಾಹಿಯ ತಟ್ಟೆಯಲ್ಲಿ ಶೀರ್ಷಿಕೆ ಸಂಗೀತ ಈಗ ಮಳೆಯಲ್ಲಿ ನಡೆಯುತ್ತದೆ. ಧಾರಾವಾಹಿಯಲ್ಲಿ ಮಳೆ ಇರಲಿಲ್ಲ.

ಬಣ್ಣದಬುಗುರಿ: ಪಿವಿಸಿ ಬೇಡ, ಪಾಲಿಪ್ರೊಪಿಲೀನ್ ಹಾಕಿ ಎಂದು ಇಲ್ಲಿ ಎಷ್ಟು ಸಲ ಬರೆದಿದ್ದೇನೆ! ಓದುವವರು ಯಾರು? ಆ ಒಂದನ್ನಾದರೂ ಇಟ್ಟುಕೊಂಡಿರಾ?

ಮೂಕಪ್ರೇಕ್ಷಕ: ಇಟ್ಟುಕೊಂಡಿದ್ದೇನೆ. ಪ್ಲೇಯರ್ ಇಲ್ಲ.

ಹಳೆಮುಳ್ಳು: ಡಿಜಿಟಲ್ ಕಡತ ಎಂಬ ಮಾತಿಗೆ ಯಾರೂ ಉತ್ತರಿಸಲಿಲ್ಲ. ಅದಕ್ಕೇ ನಾನು ಮೊದಲ ಮುದ್ರಣ ಎಂದದ್ದು. ಟೇಪಿನಿಂದ ನೇರ ತಟ್ಟೆಗೆ.

ಒಳಸುತ್ತು: ಅರ್ಧ ಶತಮಾನ ಯಾರದೋ ಸವೆದ ಮುಳ್ಳು ಉತ್ತ ತಟ್ಟೆ ನಿಮ್ಮದು. ಟೇಪಿನಲ್ಲಿದ್ದುದರ ಎಷ್ಟು ಉಳಿದಿದೆ? ಮುಳ್ಳಿನ ಆಯುಷ್ಯ ಐನೂರರಿಂದ ಸಾವಿರ ಗಂಟೆ. ಹಿಂದಿನವರು ಗಂಟೆ ಬರೆದಿಟ್ಟಿದ್ದರೆಂದು ನಂಬುತ್ತೀರಾ? ನಾನು ಬರೆದಿಡುತ್ತೇನೆ. ಈ ತನಕ 412.

ಹಳೆಮುಳ್ಳು: ಬರೆದಿಡುವವರಿಗೆ ಕೇಳಲು ಸಮಯ ಎಲ್ಲಿಂದ ಬರಬೇಕು!

ಹೊಸಬ33: ಎಲ್ಲರಿಗೂ ಧನ್ಯವಾದಗಳು. ಓದುತ್ತ ಕುಳಿತಿದ್ದೆ, ಶುಕ್ರವಾರ ದಾಟಿತು. ಮರುಮುದ್ರಣ ಮುಗಿದುಹೋಗಿದೆ. ಹಳೆಯ ಮುದ್ರಣವನ್ನೇ ತೆಗೆದುಕೊಂಡೆ. ನಿನ್ನೆ ಬಂತು. ಪಿಟೀಲುಗಳು ತೇಲುತ್ತಿವೆ. ಟೋನ್‌ಆರ್ಮ್ ಅತ್ತಿತ್ತ ತೂಗುತ್ತಿದೆ.

ಬಿಬದಿ: ಹಿಂದಿರುಗಿಸಬೇಡಿ, ನನ್ನ ಮಾತು ಕೇಳಿ.

ಹಳೆಮುಳ್ಳು: ಮೊದಲ ಮುದ್ರಣದಲ್ಲಿ ಅದೆಲ್ಲ ಇದ್ದದ್ದೇ. ಕಿವಿ ಒಗ್ಗಿಕೊಳ್ಳುತ್ತದೆ.

ಹಳೆಮುಳ್ಳು: ಬಣ್ಣದಬುಗುರಿ ಅವರೇ, ಬರೀ ತಿಳಿವಳಿಕೆಗೆ ಕೇಳುತ್ತಿದ್ದೇನೆ. ಆ ಉಪ್ಪುಕಾಗದ ಎಷ್ಟನೆಯ ನಂಬರಿನದು?

ಬಣ್ಣದಬುಗುರಿ: 400. ಕೈ ಹಗುರವಿರಲಿ. ಯಾವ ಕಡೆಗೆ ಸರಿಯಬೇಕೆಂದು ಮೊದಲು ಲೇಬಲಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ. ನಾನು ಮೊದಲ ಸಲ ತಪ್ಪು ಕಡೆಗೆ ಉಜ್ಜಿದೆ.